ಮರಣ ದರದ ಮಾಡೆಲ್ ಅಪ್‌ಡೇಟ್ ಮಾಡುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿಯ ಅಂಕಿ ಹಿಡಿದು ಕೂತವರಿಗೆ

ಹೊಸ ವರ್ಷದ ಸಾವಿನ ಅಂಕಿ ಬಂತು, ಶೀಟಿನ ಕೊನೆಗೆ ಒಂದು ಕಾಲಂ ಸೇರಿಸಿದೆವು, ಹಳೇ ಸಾವಿನ ಅಂಕಿಯಿಂದ ಮುಂದಿನ ಮರಣ ದರ ಊಹಿಸುವ ಮಾಡೆಲ್‌ಗೆ ರನ್ ಕೊಟ್ಟೆವು, ಮುಂದಿನ 30 ವರ್ಷದ ಮರಣ ದರ ಹೊರಗೆ ಬಂತು. ಅಪ್‌ಡೇಟ್ ಅಂದರೆ ಇಷ್ಟೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೀಗೆ ಮಾಡಿದರೂ ಉತ್ತರ ಬಂದೇ ಬರುತ್ತದೆ, ತೊಂದರೆ ಇರುವುದೇ ಅಲ್ಲಿ. ಅಂಕಿ ಕೆಟ್ಟಿದೆ ಅಂತ ಮಾಡೆಲ್ ಯಾವತ್ತೂ ದೂರುವುದಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು ಚಂದದ ಗೆರೆ ಎಳೆದು ಕೊಡುತ್ತದೆ.

ಆಕ್ಚುರಿ (ವಿಮೆ, ಪಿಂಚಣಿಯ ಅಪಾಯ ಲೆಕ್ಕ ಹಾಕುವವರು) ಪರೀಕ್ಷೆ ಬರೆಯುತ್ತಾ ಕೆಲಸ ಕಲಿಯುತ್ತಿರುವವರು, ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮುಗಿಸಿ ಪಿಂಚಣಿ ನಿಧಿಯದೋ ಸಹಕಾರಿ ಸಂಘದ ಕುಟುಂಬ ನೆರವು ನಿಧಿಯದೋ ಲೆಕ್ಕಕ್ಕೆ ಕೈ ಹಾಕಿರುವವರು, ಇವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಸೂತ್ರ ಪುಸ್ತಕದಲ್ಲಿ ಸಿಗುತ್ತದೆ. ನಮ್ಮ ಕಡೆಯ ಅಂಕಿ ಆ ಸೂತ್ರದೊಳಗೆ ಹೋದಾಗ ಎಲ್ಲೆಲ್ಲಿ ಕೈ ಕೊಡುತ್ತದೆ ಅನ್ನುವುದು ಸಿಗುವುದಿಲ್ಲ, ಹಾಗಾಗಿ ಅದನ್ನೇ ಜಾಸ್ತಿ ಹೇಳುತ್ತೇನೆ.

ಯಾವ ಲೆಕ್ಕಕ್ಕೆ ಬೇಕು?

ಮೊದಲು ಇದನ್ನು ಕೇಳಿಕೊಳ್ಳಿ. ಗ್ರಾಚ್ಯುಟಿ ಲೆಕ್ಕಕ್ಕಾದರೆ ಇಷ್ಟೆಲ್ಲ ಒದ್ದಾಡುವುದು ಬೇಡ. ಅಲ್ಲಿ ಉತ್ತರವನ್ನು ಅಲುಗಾಡಿಸುವುದು ಸಂಬಳ ಏರುವ ವೇಗ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮತ್ತು ಬಡ್ಡಿ ದರ. ಮರಣ ದರ ಸ್ವಲ್ಪ ಆಚೀಚೆ ಆದರೆ ಗೊತ್ತೂ ಆಗುವುದಿಲ್ಲ. ಜೀವ ಇರುವವರೆಗೂ ಪಿಂಚಣಿ ಕೊಡುವ ನಿಧಿಯಾದರೆ ಮಾತು ಬೇರೆ. ಅಲ್ಲಿ ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ ಬದುಕಿದರೆ ನಿಧಿಗೆ ಹೊರೆ. ಸಾವಿಗೆ ದುಡ್ಡು ಕೊಡುವ ಟರ್ಮ್ ಪಾಲಿಸಿ ಅಥವಾ ನೆರವು ನಿಧಿಗೆ ಇದು ಪೂರ್ತಿ ಉಲ್ಟಾ. ಅಂದರೆ 'ಸುರಕ್ಷಿತ' ಊಹೆ ಯಾವ ಕಡೆಗೆ ವಾಲಬೇಕು ಅನ್ನುವುದು ಕೆಲಸದ ಮೇಲೆ ನಿಂತಿದೆ. ಒಂದೇ ಶೀಟನ್ನು ಎರಡೂ ಕಡೆ ಬಳಸಬೇಡಿ.

ಇನ್ನೊಂದು ವಿಷಯ. ನಮ್ಮ ದೇಶದ ಮರಣ ಕೋಷ್ಟಕಗಳು, ಅಂದರೆ ವಯಸ್ಸುವಾರು ಮರಣ ದರದ ಪಟ್ಟಿಗಳು, ನಿಂತ ನೀರು. ವಿಮೆ ಮಾಡಿಸಿದವರಿಗೆ ಈಗ ಬಳಸುವುದು ಐಎಎಲ್‌ಎಂ 2012-14, ಜಾರಿಗೆ ಬಂದದ್ದು 2018ರ ಏಪ್ರಿಲ್ 1ರಿಂದ. ಆನ್ಯುಟಿ (ವಿಮಾ ಕಂಪನಿ ಕೊಡುವ ಜೀವನಪರ್ಯಂತದ ಪಿಂಚಣಿ) ಪಡೆಯುವವರಿಗೆ ಐಐಎಎಂ 2012-15, ಅದು 2021ರ ಏಪ್ರಿಲ್‌ನಿಂದ. ಹೆಸರಲ್ಲಿರುವ ವರ್ಷ ನೋಡಿ. ಮೊದಲನೆಯದರ ಅಂಕಿಯ ನಡುಬಿಂದು ಸುಮಾರು 2013. ಅಲ್ಲಿಂದ ವರ್ಷಕ್ಕೆ ಶೇ 1ರಂತೆ ಮರಣ ದರ ಇಳಿದಿದೆ ಅಂತ ಇಟ್ಟುಕೊಂಡರೆ, 12 ವರ್ಷಕ್ಕೆ 0.99ರ 12ನೇ ಘಾತ, ಅಂದರೆ ಸುಮಾರು 0.886. ಕೋಷ್ಟಕದ ದರವನ್ನು ಹಾಗೇ ಎತ್ತಿ ಹಾಕಿದರೆ, ಆ ಊಹೆಯ ಲೆಕ್ಕದಲ್ಲಿ, ಇರಬೇಕಾದ್ದಕ್ಕಿಂತ ಮೇಲೆ ಕೂತಿರುತ್ತೀರಿ. ಹಾಗಾಗಿ ಅಪ್‌ಡೇಟ್ ಅಂದರೆ ಎರಡು ಕೆಲಸ. ಇವತ್ತಿನ ಮಟ್ಟ ಎಷ್ಟು ಅಂತ ಹಿಡಿಯುವುದು ಒಂದು. ಇಲ್ಲಿಂದ ಮುಂದೆ ಯಾವ ವೇಗದಲ್ಲಿ ಇಳಿಯುತ್ತದೆ ಅನ್ನುವುದು ಇನ್ನೊಂದು. ಇವೆರಡನ್ನು ಕಲಸಿಬಿಟ್ಟರೆ, ಮುಂದಿನ ವರ್ಷ ಉತ್ತರ ಯಾಕೆ ಬದಲಾಯಿತು ಅಂತ ಹೇಳಲು ನಿಮಗೇ ಆಗುವುದಿಲ್ಲ.

ಸಾವಿನ ಎಣಿಕೆ

ಜಿಲ್ಲೆಯ ಜನನ ಮರಣ ನೋಂದಣಿ ಅಂಕಿ ಕೈಗೆ ಸಿಕ್ಕಿತು ಅಂತ ಖುಷಿಪಡುವ ಮೊದಲು ಒಂದು ನೆನಪಿಡಿ. ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ, ಮನೆ ಇರುವ ಜಾಗದಲ್ಲಿ ಅಲ್ಲ. ಬೀದರ್ ಕಡೆಯವರು ಆರೋಗ್ಯ ಕೈಕೊಟ್ಟರೆ ಹೈದರಾಬಾದಿಗೆ ಓಡುತ್ತಾರೆ, ಕಲಬುರಗಿಯವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ. ಅಲ್ಲಿ ಜೀವ ಹೋದರೆ ಆ ಸಾವು ಪಕ್ಕದ ರಾಜ್ಯದ ಪುಸ್ತಕದಲ್ಲಿ ಬೀಳುತ್ತದೆ. ನಮ್ಮ ಜಿಲ್ಲೆಯ ಮರಣ ದರ ಅಷ್ಟರ ಮಟ್ಟಿಗೆ ಕಡಿಮೆ ಕಾಣುತ್ತದೆ. ಆಮೇಲೆ ಕಲಬುರಗಿ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಯಾದಗಿರಿಯವರು ಸತ್ತರೆ ಅದು ಕಲಬುರಗಿಯ ಲೆಕ್ಕಕ್ಕೆ. ಹಾಗಾಗಿ ವಾಸದ ವಿಳಾಸದ ಪ್ರಕಾರ ವಿಂಗಡಿಸಿದ ಅಂಕಿಯನ್ನೇ ಕೇಳಿ. ಸಿಗದಿದ್ದರೆ ಜಿಲ್ಲಾವಾರು ದರ ಕಟ್ಟುವ ಆಸೆ ಬಿಟ್ಟುಬಿಡಿ, ರಾಜ್ಯದ ದರದಿಂದ ಶುರು ಮಾಡಿ.

ನೋಂದಣಿ ವರ್ಷ ಬೇರೆ, ಸತ್ತ ವರ್ಷ ಬೇರೆ. 21 ದಿನದೊಳಗೆ ಮಾಡಿಸಬೇಕು ಅಂತ ನಿಯಮ ಇದೆ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆದರೆ ಹೊಲ ಭಾಗ ಮಾಡುವಾಗಲೋ, ಬ್ಯಾಂಕಿನವರು ಕೇಳಿದಾಗಲೋ ಮರಣ ಪತ್ರಕ್ಕೆ ಓಡಾಡುವವರು ನಮ್ಮಲ್ಲಿ ಕಡಿಮೆ ಇಲ್ಲ. ಸತ್ತ ದಿನಾಂಕದ ಪ್ರಕಾರ ಜೋಡಿಸಿಕೊಳ್ಳದಿದ್ದರೆ ಹಳೇ ಸಾವುಗಳು ಹೊಸ ವರ್ಷದಲ್ಲಿ ಬಂದು ಕೂರುತ್ತವೆ.

ಪಿಂಚಣಿ ನಿಧಿಗಳಲ್ಲಿ ಇದಕ್ಕೆ ಬೇರೆಯದೇ ರೂಪ. ಪಿಂಚಣಿದಾರರು ಸಾಮಾನ್ಯವಾಗಿ ನವೆಂಬರಿನಲ್ಲಿ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇವೆ ಅನ್ನುವ ಪತ್ರ, ಕೊಡಬೇಕು. ಮನೆಯವರು ಹೇಳದೇ ಇದ್ದರೆ, ಮಾರ್ಚಿನಲ್ಲಿ ತೀರಿಕೊಂಡವರ ಸುದ್ದಿ ಕಚೇರಿಗೆ ಗೊತ್ತಾಗುವುದೇ ನವೆಂಬರಿನಲ್ಲಿ ಪತ್ರ ಬಾರದೇ ಇದ್ದಾಗ. ಮಾರ್ಚ್ 31ಕ್ಕೆ ಡೇಟಾ ತೆಗೆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಸಾವುಗಳಲ್ಲಿ ಒಂದಷ್ಟು ಇನ್ನೂ ಪಟ್ಟಿಗೆ ಬಂದಿರುವುದಿಲ್ಲ. ಕೊನೆಯ ವರ್ಷ ಯಾವಾಗಲೂ ಆರೋಗ್ಯವಾಗಿ ಕಾಣುವುದಕ್ಕೆ ಇದೇ ಕಾರಣ. ಹಿಂದಿನ ವರ್ಷಗಳಲ್ಲಿ ಮಾರ್ಚಿನ ಪಟ್ಟಿಯಲ್ಲಿ ಎಷ್ಟಿತ್ತು, ಒಂದು ವರ್ಷ ಬಿಟ್ಟು ನೋಡಿದಾಗ ಅದೇ ವರ್ಷಕ್ಕೆ ಎಷ್ಟಾಯಿತು, ಈ ಅನುಪಾತ ತೆಗೆದು ಕೊನೆಯ ವರ್ಷವನ್ನು ಹಿಗ್ಗಿಸಿ. ಹಳೆಯ ಪಟ್ಟಿಗಳನ್ನು ಯಾರೂ ಉಳಿಸಿಲ್ಲ ಅಂದರೆ ಕೊನೆಯ ವರ್ಷವನ್ನು ಮಾಡೆಲ್‌ಗೆ ಹಾಕಲೇಬೇಡಿ. ಒಂದು ವರ್ಷ ಹಳೆಯದಾದರೂ ಪರವಾಗಿಲ್ಲ.

ತಲೆ ಎಣಿಕೆ ಮತ್ತು ವಯಸ್ಸು

ಛೇದದ, ಅಂದರೆ ಸಾವನ್ನು ಭಾಗಿಸುವ ಜನಸಂಖ್ಯೆಯ, ಕಥೆ ಇನ್ನೂ ಕಷ್ಟ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯಲ್ಲಿ 25.66 ಲಕ್ಷ, ಬೀದರಿನಲ್ಲಿ 17.03 ಲಕ್ಷ, ಯಾದಗಿರಿಯಲ್ಲಿ 11.74 ಲಕ್ಷ ಜನ ಇದ್ದರು. ಆಮೇಲೆ ಎಣಿಸಿಯೇ ಇಲ್ಲ. 2021ರದ್ದು ನಡೆಯಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಗೊತ್ತು ಮಾಡಿದ್ದಾರೆ. ಅಲ್ಲಿಯವರೆಗೆ ನಿಮ್ಮ ಎಕ್ಸ್‌ಪೋಶರ್ (ಆ ವರ್ಷ ಬದುಕಿದ್ದ ಜನರ ಎಣಿಕೆ) ಪೂರ್ತಿ ಅಂದಾಜು. ಯಾದಗಿರಿ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುವ ಜನರನ್ನು ನೆನಪಿಸಿಕೊಳ್ಳಿ. 20ರಿಂದ 40ರ ವಯಸ್ಸಿನಲ್ಲಿ ಆ ಅಂದಾಜು ಎಷ್ಟು ತಪ್ಪಿರಬಹುದು ಅಂತ ಯಾರಿಗೂ ಗೊತ್ತಿಲ್ಲ.

ಹಳೇ ಸರಣಿ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ. ಅಲ್ಲಿಯವರೆಗೆ ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳ ಸಾವುಗಳೆಲ್ಲ ಗುಲ್ಬರ್ಗಾ ಅನ್ನುವ ಹೆಸರಿನಡಿಯಲ್ಲೇ ಇವೆ. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, ಹಾಗಾಗಿ ಫೈಲಿನಲ್ಲಿ ಎರಡು ಹೆಸರು ಎರಡು ಸಾಲಾಗಿ ಕೂತಿರಬಹುದು. ಸುಮ್ನೆ ಜೋಡಿಸಿದರೆ ಒಂದೇ ವರ್ಷದಲ್ಲಿ ಸಾವು ಮೂರನೇ ಒಂದು ಭಾಗದಷ್ಟು ಕುಸಿದಂತೆ ಕಾಣುತ್ತದೆ, ಮಾಡೆಲ್ ಅದನ್ನು ಆರೋಗ್ಯ ಸುಧಾರಣೆ ಅಂತಲೇ ಓದಿಕೊಳ್ಳುತ್ತದೆ. ಸುಲಭದ ದಾರಿ: ಇಡೀ ಸರಣಿಗೆ ಎರಡೂ ಜಿಲ್ಲೆ ಕೂಡಿಸಿ ಒಂದೇ ಮಾಡಿ.

ಇನ್ನು ವಯಸ್ಸು. ನಮ್ಮ ಕಡೆ ಹಿರಿಯರನ್ನು ವಯಸ್ಸು ಕೇಳಿದರೆ 60 ಅಂತಾರೆ, 65 ಅಂತಾರೆ, 63 ಅನ್ನುವವರು ಅಪರೂಪ ಅಲ್ವಾ? ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಇದೆ. 23ರಿಂದ 62ರ ವಯಸ್ಸಿನವರನ್ನೆಲ್ಲ ಎಣಿಸಿ. ಅದರಲ್ಲಿ 25, 30, 35 ಹೀಗೆ 60ರವರೆಗೆ ಸೊನ್ನೆ ಅಥವಾ ಐದರಲ್ಲಿ ಮುಗಿಯುವ ವಯಸ್ಸಿನವರು ಎಷ್ಟು ಅಂತ ನೋಡಿ. ಅವರ ಪಾಲನ್ನು 5ರಿಂದ ಗುಣಿಸಿ 100ರಿಂದ ಗುಣಿಸಿ. 100 ಬಂದರೆ ಅಂಕಿ ಶುದ್ಧ, 500 ಬಂದರೆ ಎಲ್ಲರೂ ದುಂಡು ಸಂಖ್ಯೆಯನ್ನೇ ಹೇಳಿದ್ದಾರೆ ಅಂತ. 175 ದಾಟಿದರೆ ಒಂದೊಂದೇ ವಯಸ್ಸಿನ ದರ ಕಟ್ಟಬೇಡಿ, ಐದೈದು ವರ್ಷದ ಗುಂಪು ಮಾಡಿ. ಸಾವಿನ ಪಟ್ಟಿಗೂ ಜನರ ಪಟ್ಟಿಗೂ ಬೇರೆ ಬೇರೆ ಲೆಕ್ಕ ಹಾಕಿ ನೋಡಿ. ಸತ್ತವರ ವಯಸ್ಸನ್ನು ಮಗನೋ ಸೊಸೆಯೋ ಹೇಳಿರುತ್ತಾರೆ, ಅಲ್ಲಿ ದುಂಡು ಸಂಖ್ಯೆ ಇನ್ನೂ ಜಾಸ್ತಿ ಬರಬಹುದು.

ನೌಕರರ ನಿಧಿಯಾದರೆ ಹುಟ್ಟಿದ ದಿನಾಂಕ ಇರುತ್ತದೆ, ನಿಶ್ಚಿಂತೆ ಅನ್ನುತ್ತೀರಿ. ಆ ಕಾಲಂ ಅನ್ನು ಒಮ್ಮೆ ಸಾರ್ಟ್ ಮಾಡಿ. ಜೂನ್ 1ರಂದು ಹುಟ್ಟಿದವರ ಸಾಲು ಮುಗಿಯುವುದೇ ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ಮೇ 31ರಂದು ಅಷ್ಟೊಂದು ಮಂದಿ ಒಟ್ಟಿಗೆ ನಿವೃತ್ತರಾಗುವುದು ಇದರಿಂದಲೇ. ಇದು ಬರೀ ತಮಾಷೆಯ ವಿಷಯ ಅಲ್ಲ. ಹುಟ್ಟಿದ ದಿನಗಳು ವರ್ಷಪೂರ್ತಿ ಸಮನಾಗಿ ಹರಡಿವೆ ಅಂತ ಇಟ್ಟುಕೊಂಡು, ಮಾರ್ಚ್ 31ಕ್ಕೆ 58 ತುಂಬಿದವರ ಸರಾಸರಿ ವಯಸ್ಸು ಐವತ್ತೆಂಟೂವರೆ ಅಂತ ಪುಸ್ತಕ ಹೇಳುತ್ತದೆ. ಜೂನ್ 1ರವರು ಆ ದಿನ 58 ವರ್ಷ 10 ತಿಂಗಳು. ಅರ್ಧ ವರ್ಷದ ಅಡ್ಡದಾರಿ ಬಿಟ್ಟು, ಪ್ರತಿಯೊಬ್ಬರ ದಿನಾಂಕದಿಂದಲೇ ದಿನ ಎಣಿಸಿ 365.25ರಿಂದ ಭಾಗಿಸಿ. ಕಂಪ್ಯೂಟರ್‌ಗೆ ಇದರಲ್ಲಿ ಸುಸ್ತಾಗುವುದಿಲ್ಲ. ಒಬ್ಬರಿಗೇ ಎರಡು ಮೂರು ಖಾತೆ ಇದ್ದರೆ ಒಂದು ಮಾಡಿ, ಇಲ್ಲದಿದ್ದರೆ ಒಂದೇ ಸಾವು ಮೂರು ಸಲ ಎಣಿಕೆಯಾಗುತ್ತದೆ.

ರಾಜ್ಯದ ಕೋಷ್ಟಕ ಬಳಸುವಾಗ

ರಿಜಿಸ್ಟ್ರಾರ್ ಜನರಲ್ ಕಚೇರಿ ಎಸ್‌ಆರ್‌ಎಸ್ (ಆಯ್ದ ಜಾಗಗಳ ಜನನ ಮರಣ ಸಮೀಕ್ಷೆ) ಆಧಾರದ ಮೇಲೆ ಜೀವಿತ ಕೋಷ್ಟಕ ಹೊರಡಿಸುತ್ತದೆ. ದೇಶಕ್ಕೂ ಕರ್ನಾಟಕದಂಥ ದೊಡ್ಡ ರಾಜ್ಯಗಳಿಗೂ ಸಿಗುತ್ತದೆ, ಜಿಲ್ಲೆಗೆ ಇಲ್ಲ. ಪ್ರತಿಯೊಂದೂ ಐದು ವರ್ಷದ ಸರಾಸರಿ, ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. 2014-18 ಮತ್ತು 2015-19ರ ನಡುವೆ ನಾಲ್ಕು ವರ್ಷ ಒಂದೇ. ಇವನ್ನು ಬೇರೆ ಬೇರೆ ವರ್ಷದ ಸ್ವತಂತ್ರ ಅಂಕಿ ಅಂತ ಹಾಕಿದರೆ ಏರಿಳಿತ ತೀರಾ ಕಡಿಮೆ ಕಂಡು, ನಿಮ್ಮ ಅಂದಾಜಿನ ಅಂಚುಗಳು ಸುಳ್ಳೇ ಕಿರಿದಾಗುತ್ತವೆ.

ದೇಶದ ಜೀವಿತಾವಧಿ 2014-18ರಲ್ಲಿ 69.4, 2016-20ರಲ್ಲಿ 70.0. ಇದನ್ನು ನೋಡಿ 'ನಮ್ಮ ಪಿಂಚಣಿದಾರರೂ ಜಾಸ್ತಿ ಬದುಕುತ್ತಾರೆ' ಅನ್ನುವ ತೀರ್ಮಾನಕ್ಕೆ ಹಾರಬೇಡಿ. ಹುಟ್ಟಿದಾಗಿನ ಜೀವಿತಾವಧಿಯನ್ನು ಮೇಲೆತ್ತುವುದರಲ್ಲಿ ಮಕ್ಕಳ ಸಾವು ಕಡಿಮೆಯಾದದ್ದರ ಪಾಲು ದೊಡ್ಡದು. ಶಿಶು ಮರಣ 2010ರಲ್ಲಿ ಸಾವಿರಕ್ಕೆ 47 ಇದ್ದದ್ದು 2020ಕ್ಕೆ 28 ಆಯಿತು. 60 ದಾಟಿದವರಿಗೆ ಇದರಿಂದ ಏನೂ ಬರುವುದಿಲ್ಲ. ನಿಮಗೆ ಬೇಕಾದ ವಯಸ್ಸಿನ ಸಾಲನ್ನೇ ನೋಡಿ.

ಮಾಡೆಲ್ ಮತ್ತೆ ಕೂರಿಸುವುದು

ಬಹಳಷ್ಟು ಕಡೆ ಇರುವುದು ಲೀ-ಕಾರ್ಟರ್ ಮಾಡೆಲ್, 1992ರಲ್ಲಿ ರೊನಾಲ್ಡ್ ಲೀ ಮತ್ತು ಲಾರೆನ್ಸ್ ಕಾರ್ಟರ್ ಕೊಟ್ಟದ್ದು. ಒಂದು ವಯಸ್ಸಿನ, ಒಂದು ವರ್ಷದ ಮರಣ ದರದ ಲಾಗ್ ಅಂದರೆ ಎ + ಬಿ × ಕೆ. ಎ ಅಂದರೆ ಆ ವಯಸ್ಸಿನ ಸರಾಸರಿ ಮಟ್ಟ. ಕೆ ಅಂದರೆ ಆ ವರ್ಷದ ಒಟ್ಟು ಪರಿಸ್ಥಿತಿ. ಕೆ ಇಳಿದಾಗ ಆ ವಯಸ್ಸಿನವರಿಗೆ ಅದು ಎಷ್ಟು ತಟ್ಟುತ್ತದೆ ಅನ್ನುವುದು ಬಿ. ಮುಂದಕ್ಕೆ ಎಳೆಯುವುದು ಕೆ ಒಂದನ್ನೇ. ಚಿಕ್ಕ ಡೇಟಾದಲ್ಲಿ ಯಾವುದೋ ವಯಸ್ಸಿಗೆ ಸಾವೇ ಇಲ್ಲದಿದ್ದರೆ ಲಾಗ್ ಸಿಗುವುದಿಲ್ಲ. ಆಗ ಸಾವಿನ ಎಣಿಕೆಯನ್ನೇ ಪಾಸಾನ್ (ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಸಂಭವನೀಯತೆಯ ಸೂತ್ರ) ಅಂತ ಹಿಡಿದು ಕೂರಿಸುವ 2002ರ ಬ್ರೂನ್ಸ್, ಡೆನ್ಯೂಟ್, ವರ್ಮುಂಟ್ ಅವರ ದಾರಿ ಹಿಡಿಯಿರಿ. ಬರೀ ವಯಸ್ಸಾದವರ ನಿಧಿಯಾದರೆ 2006ರ ಕೇರ್ನ್ಸ್-ಬ್ಲೇಕ್-ಡೌಡ್ ಮಾಡೆಲ್ ಸಾಕು, ಮಕ್ಕಳ ದರ ಅದರಲ್ಲಿ ತಲೆ ಹಾಕುವುದೇ ಇಲ್ಲ. ಎಲ್ಲವೂ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಕ್ಕಟೆ ಸಿಗುತ್ತವೆ.

ಈಗ ನಿಜವಾಗಿ ಜಗ್ಗಾಡಬೇಕಾದ ಜಾಗ. ಕೆ ವರ್ಷಕ್ಕೆ ಸರಾಸರಿ ಎಷ್ಟು ಇಳಿಯುತ್ತದೆ, ಅದೇ ಡ್ರಿಫ್ಟ್. ಅದನ್ನು ಹೇಗೆ ತೆಗೆಯುತ್ತಾರೆ? ಕೊನೆಯ ಕೆ ಕಳೆ ಮೊದಲ ಕೆ, ನಡುವಿನ ವರ್ಷಗಳಿಂದ ಭಾಗಿಸು. ಅಷ್ಟೇ. ನಡುವೆ ಏನೇ ಆಗಿರಲಿ, ಎರಡು ತುದಿಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ. ಉದಾಹರಣೆಗೆ 2001ರಲ್ಲಿ ಕೆ 10, 2019ರಲ್ಲಿ ಮೈನಸ್ 8 ಅಂದುಕೊಳ್ಳಿ. 18 ವರ್ಷದಲ್ಲಿ 18 ಇಳಿದಿದೆ, ವರ್ಷಕ್ಕೆ 1. ಈಗ ಯಾರೋ 2021ರವರೆಗೆ ಅಪ್‌ಡೇಟ್ ಮಾಡಿದರು, ಆ ವರ್ಷ ಕೆ ಮೈನಸ್ 1ಕ್ಕೆ ಜಿಗಿದಿದೆ. 20 ವರ್ಷದಲ್ಲಿ 11 ಮಾತ್ರ ಇಳಿಕೆ, ವರ್ಷಕ್ಕೆ 0.55. ಎರಡೇ ಕಾಲಂ ಸೇರಿಸಿದ್ದಕ್ಕೆ ಮುಂದಿನ 30 ವರ್ಷದ ಸುಧಾರಣೆ ಹತ್ತಿರ ಹತ್ತಿರ ಅರ್ಧ ಮಾಯ. ಮೇಲಾಗಿ ಗೆರೆ ಶುರುವಾಗುವ ಜಾಗವೂ ಮೇಲೆ ಹೋಯಿತು. ಪಿಂಚಣಿ ನಿಧಿಯ ಹೊಣೆ ಕಾಗದದ ಮೇಲೆ ಇಳಿದು ಟ್ರಸ್ಟಿಗಳಿಗೆಲ್ಲ ಖುಷಿಯಾಗಬಹುದು, ಆದರೆ ಆ ದುಡ್ಡು ಎಲ್ಲಿಂದಲೂ ಬಂದಿಲ್ಲ.

ದೇಶದಲ್ಲಿ ಕೋವಿಡ್‌ನ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚಿನಲ್ಲಿ. ಆದರೆ ದೊಡ್ಡ ಹೊಡೆತ ಬಿದ್ದದ್ದು 2021ರ ಏಪ್ರಿಲ್-ಮೇ ಹೊತ್ತಿಗೆ. ಆರ್ಥಿಕ ವರ್ಷದ ಪ್ರಕಾರ ಡೇಟಾ ಇಟ್ಟವರಿಗೆ ಎರಡನೇ ಅಲೆ 2021-22ರಲ್ಲಿ ಬೀಳುತ್ತದೆ, ಕ್ಯಾಲೆಂಡರ್ ವರ್ಷದವರಿಗೆ 2021ರಲ್ಲಿ. ಯಾವ ಕಾಲಂ ಮುಟ್ಟಬೇಕು ಅನ್ನುವುದನ್ನು ಇದು ನೋಡಿಯೇ ತೀರ್ಮಾನಿಸಿ.

ಏನು ಮಾಡಬಹುದು? ಆ ವರ್ಷಗಳನ್ನು ಪೂರ್ತಿ ಬಿಡಬಹುದು. ಅವುಗಳಿಗೆ ಮಾತ್ರ ಒಂದು ಪ್ರತ್ಯೇಕ ಜಿಗಿತದ ಅಂಶ ಸೇರಿಸಿ, ಉಳಿದ ಗೆರೆಗೆ ತಾಗದಂತೆ ಮಾಡಬಹುದು. ಅಥವಾ ತೂಕ ಕಡಿಮೆ ಮಾಡಬಹುದು. ಬ್ರಿಟನ್ನಿನ ಸಿಎಂಐ (ಅಲ್ಲಿನ ಆಕ್ಚುರಿಗಳಿಗಾಗಿ ಮರಣ ದರ ಅಧ್ಯಯನ ಮಾಡುವ ಸಂಸ್ಥೆ) ಹಿಡಿದದ್ದು ಕೊನೆಯ ದಾರಿ. 2020, 2021ರ ಅಂಕಿಗೆ ಸೊನ್ನೆ ತೂಕ ಕೊಟ್ಟರು. 2022ಕ್ಕೆ ಮೊದಲು ಶೇ 25 ಕೊಟ್ಟು, ಮುಂದಿನ ಆವೃತ್ತಿಯಲ್ಲಿ ಶೇ 15ಕ್ಕೆ ಇಳಿಸಿದರು. ಅವರ ಸಂಖ್ಯೆಗಳನ್ನು ಹಾಗೇ ಎತ್ತಿಕೊಳ್ಳಬೇಡಿ, ಅಲ್ಲಿನ ಅಲೆಗಳು ಬೇರೆ, ಇಲ್ಲಿನವು ಬೇರೆ. ನನ್ನ ಒಲವು ಎರಡನೇ ದಾರಿಯ ಕಡೆಗೆ. ಆ ವರ್ಷಗಳು ನಡೆದದ್ದು ನಿಜ, ಡೇಟಾದಿಂದ ಅಳಿಸಿದರೆ ಏರಿಳಿತದ ಅಂದಾಜೂ ಸುಳ್ಳಾಗುತ್ತದೆ. ಸಾವಿಗೆ ದುಡ್ಡು ಕೊಡುವ ನಿಧಿಗಂತೂ ಅಂಥ ಇನ್ನೊಂದು ವರ್ಷ ಬಂದರೆ ತಡೆದುಕೊಳ್ಳುವ ಶಕ್ತಿ ಇದೆಯಾ ಅಂತ ನೋಡಲು ಆ ಜಿಗಿತದ ಅಳತೆಯೇ ಬೇಕು.

ನಿಮ್ಮ ನಿಧಿಯ ಅನುಭವವನ್ನು ಎಷ್ಟು ನಂಬಬೇಕು

ರಾಜ್ಯದ ಅಂಕಿಯಿಂದ ಇಳಿಕೆಯ ವೇಗ ತೆಗೆದುಕೊಂಡಿರಿ, ಮಟ್ಟವನ್ನು ನಿಮ್ಮ ಸದಸ್ಯರಿಗೆ ಹೊಂದಿಸಬೇಕು. ನಿಜವಾಗಿ ಆದ ಸಾವನ್ನು ಕೋಷ್ಟಕದ ಪ್ರಕಾರ ಆಗಬೇಕಿದ್ದ ಸಾವಿನಿಂದ ಭಾಗಿಸಿ. ಐದು ವರ್ಷದಲ್ಲಿ 64 ಸಾವು ಆಗಿದೆ, ಲೆಕ್ಕದ ಪ್ರಕಾರ 80 ಆಗಬೇಕಿತ್ತು ಅಂದುಕೊಳ್ಳಿ. ಶೇ 80. ತಕ್ಷಣ ಕೋಷ್ಟಕದ ಶೇ 80 ಅಂತ ಬರೆದುಬಿಡಬೇಡಿ. ಪೂರ್ತಿ ನಂಬಲು 1082 ಸಾವು ಬೇಕು ಅನ್ನುವುದು ಹಳೇ ಲೆಕ್ಕ, ಅಂದರೆ ನೂರಕ್ಕೆ 90 ಸಲ ಶೇ 5ರ ಒಳಗೆ ಇರಲು. ನಿಮ್ಮಲ್ಲಿರುವುದು 64. ಅದನ್ನು 1082ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.24. ಆದ್ದರಿಂದ ನಿಮ್ಮ ಅನುಭವಕ್ಕೆ 24 ಪಾಲು, ಕೋಷ್ಟಕಕ್ಕೆ 76 ಪಾಲು. ಉತ್ತರ ಸುಮಾರು ಶೇ 95. ಕಮಿಟಿಯವರಿಗೆ ಇದು ರುಚಿಸುವುದಿಲ್ಲ, 'ನಮ್ಮ ಮಂದಿ ಗಟ್ಟಿ ಇದ್ದಾರ' ಅಂತಾರೆ. ಇರಬಹುದು. 64 ಸಾವು ಅದನ್ನು ಸಾಬೀತು ಮಾಡುವುದಿಲ್ಲ.

ಆ ಐದು ವರ್ಷದಲ್ಲಿ 2021 ಇದ್ದರೆ ಅದನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಮಾಡಿ, ಎರಡೂ ಉತ್ತರ ತೋರಿಸಿ.

ಹೊರಗೆ ಕೊಡುವ ಮೊದಲು

2012ರವರೆಗಿನ ಅಂಕಿಯನ್ನು ಮಾತ್ರ ಹಾಕಿ 2013ರಿಂದ 2019 ಊಹಿಸಲು ಬಿಡಿ, ನಿಜದ ಜೊತೆ ಹೋಲಿಸಿ. ಊಹೆಗೂ ನಿಜಕ್ಕೂ ನಡುವೆ ಉಳಿದ ವ್ಯತ್ಯಾಸಗಳನ್ನು ವಯಸ್ಸು ಅಡ್ಡಕ್ಕೆ, ವರ್ಷ ಉದ್ದಕ್ಕೆ ಇಟ್ಟು ಬಣ್ಣ ಹಚ್ಚಿ ನೋಡಿ. ಓರೆಯಾಗಿ ಪಟ್ಟೆ ಕಂಡರೆ ಯಾವುದೋ ಒಂದು ಪೀಳಿಗೆಯ ಗುಣ ಮಾಡೆಲ್‌ಗೆ ಸಿಕ್ಕಿಲ್ಲ ಅಂತ. 60, 65, 70ರ ಮೇಲೆ ನೇರ ಪಟ್ಟೆ ಬಂದರೆ ಅದು ದುಂಡು ವಯಸ್ಸಿನ ಕಾಟ, ಪೀಳಿಗೆಯಲ್ಲ. 30 ವರ್ಷ ಆಚೆಯ ದರದಲ್ಲಿ 70 ವಯಸ್ಸಿನವರ ಮರಣ ದರ 65ರವರಿಗಿಂತ ಕಡಿಮೆ ಬಂದಿದೆಯಾ, ಗಂಡಸರ ಗೆರೆ ಹೆಂಗಸರ ಗೆರೆಯನ್ನು ದಾಟಿ ಕೆಳಗೆ ಹೋಗಿದೆಯಾ, ಇವನ್ನು ಕಣ್ಣಲ್ಲೇ ನೋಡಿ. ಬಿ ವಯಸ್ಸಿನಿಂದ ವಯಸ್ಸಿಗೆ ಅಡ್ಡಾದಿಡ್ಡಿ ಏರಿಳಿಯುತ್ತಿದ್ದರೆ ಇಂಥವು ನಿಜಕ್ಕೂ ಬರುತ್ತವೆ.

ಆಮೇಲೆ ಹಳೇ ಉತ್ತರದಿಂದ ಹೊಸ ಉತ್ತರಕ್ಕೆ ಒಂದೊಂದೇ ಹೆಜ್ಜೆ ಇಡಿ: ಡೇಟಾ ತಿದ್ದಿದ್ದಕ್ಕೆ ಎಷ್ಟು, ಹೊಸ ವರ್ಷಗಳಿಗೆ ಎಷ್ಟು, ಕೋವಿಡ್ ತೀರ್ಮಾನಕ್ಕೆ ಎಷ್ಟು, ಮಟ್ಟ ಹೊಂದಿಸಿದ್ದಕ್ಕೆ ಎಷ್ಟು. ರೂಪಾಯಿಯಲ್ಲಿ ಬರೆಯಿರಿ, ಶೇಕಡಾದಲ್ಲಿ ಬರೆದರೆ ಕಮಿಟಿಯಲ್ಲಿ ಯಾರೂ ಓದುವುದಿಲ್ಲ. ಈ ಕ್ರಮವನ್ನು ಪ್ರತಿ ವರ್ಷ ಬದಲಿಸಬೇಡಿ, ಯಾಕೆಂದರೆ ಕ್ರಮ ಬದಲಾದರೆ ಪಾಲುಗಳೂ ಬದಲಾಗುತ್ತವೆ.

ಡೇಟಾ ತೆಗೆದ ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಇಡಿ, ಹಳೇ ಪಟ್ಟಿಗಳನ್ನು ಅಳಿಸಬೇಡಿ. ಹೊಸ ಜನಗಣತಿಯ ವಯಸ್ಸುವಾರು ಅಂಕಿ ಹೊರಬಿದ್ದಾಗ ಬರೀ ಮುಂದಿನ ವರ್ಷಗಳನ್ನು ಸರಿಮಾಡಿದರೆ ಸಾಲದು. 2011ರಿಂದ ಈಚಿನ ಪ್ರತಿ ವರ್ಷದ ಎಕ್ಸ್‌ಪೋಶರ್ ಮತ್ತೆ ಕಟ್ಟಬೇಕು, ಆಮೇಲೆ ಎ, ಬಿ, ಕೆ ಮೂರನ್ನೂ ಮೊದಲಿಂದ ಕೂರಿಸಬೇಕು. ಅದಕ್ಕೆ ಬೇಕಾಗುವ ಸಮಯವನ್ನು ಈಗಲೇ ಕೆಲಸದ ಪಟ್ಟಿಯಲ್ಲಿ ಹಾಕಿಟ್ಟುಕೊಳ್ಳಿ.